ಮಹಮೂದ್ ಗವಾನ್: ಪತ್ರಗಳಲ್ಲಿ ಉಳಿದ ಮಂತ್ರಿ

ಪೀಠಿಕೆ

ನಾನು ಬಿ.ಎಸ್ಸಿ. ಓದಿ ಬಿ.ಇಡಿ.ಗೆ ಬಂದವನು. ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ಶಾಲೆಯ ಸಮಾಜ ವಿಜ್ಞಾನದ ಗುರುಗಳು ತರಬೇತಿಗೆ ಹೋಗಿದ್ದರಿಂದ ಒಂಬತ್ತನೆಯ ತರಗತಿಯ ಒಂದು ಅವಧಿ ನನ್ನ ಪಾಲಿಗೆ ಬಂತು. ಪಾಠ ಬಹಮನಿ ಸುಲ್ತಾನರದು. ರಾವೂರಿನಲ್ಲಿ ಹುಟ್ಟಿ, ಕಲಬುರಗಿಯ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ ನನಗೆ ಆ ಪಾಠ ಕಷ್ಟವಾಗಲಾರದು ಎಂದುಕೊಂಡೆ. ಮಹಮೂದ್ ಗವಾನನ ಕಥೆಯನ್ನು ಆರಿಸಿಕೊಂಡು, ವೈರಿಗಳು ಸುಳ್ಳು ಪತ್ರ ಸೃಷ್ಟಿಸಿದ್ದು, ಸುಲ್ತಾನ ಅದನ್ನು ನಂಬಿದ್ದು, ಮಂತ್ರಿಯ ತಲೆ ಹೋದದ್ದು ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ತರಗತಿ ಕಣ್ಣು ಮಿಟುಕಿಸದೆ ಕೇಳಿತು.

ಗಂಟೆ ಹೊಡೆಯಲು ಐದು ನಿಮಿಷ ಇರುವಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಆ ಸುಳ್ಳು ಪತ್ರ ಈಗ ಎಲ್ಲಿದೆ, ಅದು ಸುಳ್ಳೆಂದು ನಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ, ಕಥೆ ಚೆನ್ನಾಗಿತ್ತು, ಆಧಾರ ಎಲ್ಲಿ ಎಂಬ ಅರ್ಥ ಬರುವಂತೆ ಒಂದೇ ಸಾಲು ಬರೆದಿದ್ದರು. ವಿಜ್ಞಾನದ ತರಗತಿಯಲ್ಲಿ ಪ್ರತಿ ಮಾತಿಗೂ ಪ್ರಯೋಗ ಕೇಳುವ ನಾನು ಇತಿಹಾಸದ ತರಗತಿಯಲ್ಲಿ ಆಧಾರವನ್ನೇ ಮರೆತಿದ್ದೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದ್ದನ್ನು ಇಲ್ಲಿ ಜೀವನ ಕಥೆಯ ರೂಪದಲ್ಲಿ ಬರೆದಿದ್ದೇನೆ. ಎರಡು ಅವಧಿಗಳಲ್ಲಿ ಇದನ್ನು ಹೇಳಬಹುದು.

ಗಿಲಾನಿನಿಂದ ದಾಭೋಲಕ್ಕೆ

ಮಹಮೂದ್ ಗವಾನ್ ಹುಟ್ಟಿದ್ದು 1411ರ ಸುಮಾರಿಗೆ, ಇಂದಿನ ಇರಾನ್ ದೇಶದ ಉತ್ತರದಲ್ಲಿರುವ ಗಿಲಾನ್ ಪ್ರಾಂತದಲ್ಲಿ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಹಸಿರು ಸೀಮೆ ಅದು. ಅವನ ಹೆಸರಿನ ಗವಾನ್ ಎಂಬುದು ಅಲ್ಲಿಯ ಊರಿನ ಹೆಸರು. ಅವನ ಮನೆತನದವರು ಗಿಲಾನಿನ ಅರಸರಲ್ಲಿ ದೊಡ್ಡ ಹುದ್ದೆಗಳಲ್ಲಿದ್ದರು. ಆದರೆ ಅರಮನೆಯ ಒಳಜಗಳಗಳಿಂದ ಅವನಿಗೆ ಅಲ್ಲಿ ಬಾಳುವುದು ಕಷ್ಟವಾಯಿತು. ಊರು ಬಿಟ್ಟು ವ್ಯಾಪಾರಕ್ಕೆ ಇಳಿದ. ಹೋದಲ್ಲೆಲ್ಲ ಸರಕಿನ ಜೊತೆಗೆ ವಿದ್ವಾಂಸರ ಸಹವಾಸವನ್ನೂ ಹುಡುಕಿದ. ಕೈರೋ, ಡಮಾಸ್ಕಸ್ ನಗರಗಳ ಪಂಡಿತರ ಬಳಿ ಕುಳಿತು ಕಲಿತ.

1453ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಅವನು ಕೊಂಕಣದ ದಾಭೋಲ ಬಂದರಿನಲ್ಲಿ ಇಳಿದ. ಅದೇ ವರ್ಷ ದೂರದ ಕಾನ್‌ಸ್ಟಾಂಟಿನೋಪಲ್ ನಗರವನ್ನು ತುರ್ಕರ ಸುಲ್ತಾನ ಎರಡನೆಯ ಮೆಹಮದ್ ಗೆದ್ದಿದ್ದ. ಮುಂದೆ ಇದೇ ವ್ಯಾಪಾರಿ ಆ ಸುಲ್ತಾನನಿಗೆ ಬೀದರಿನಿಂದ ಪತ್ರ ಬರೆಯುವವನಾದ. ದಾಭೋಲದಲ್ಲಿ ಇಳಿದಾಗ ಮಾತ್ರ ಅವನಿಗೆ ಇದ್ದ ಆಸೆ ಎರಡೇ: ತಂದ ಸರಕು ಮಾರುವುದು, ಬೀದರಿನಲ್ಲಿದ್ದ ಸೂಫಿ ಸಂತರ ಮನೆತನದವರನ್ನು ಕಾಣುವುದು.

ಬೀದರಿನ ದರಬಾರಿನಲ್ಲಿ

ಬಹಮನಿ ರಾಜ್ಯ 1347ರಲ್ಲಿ ಹುಟ್ಟಿತು. ಮೊದಲ ರಾಜಧಾನಿ ನಮ್ಮ ಕಲಬುರಗಿ. ನಂತರ ಒಂದನೆಯ ಅಹ್ಮದ್ ಶಾಹ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಗವಾನ್ ಬಂದಾಗ ಅಹ್ಮದನ ಮಗ ಎರಡನೆಯ ಅಲಾವುದ್ದೀನ್ ಸುಲ್ತಾನನಾಗಿದ್ದ. ಈ ಹೊಸ ವ್ಯಾಪಾರಿಯ ವಿದ್ಯೆ, ಮಾತು, ಲೋಕಜ್ಞಾನ ಸುಲ್ತಾನನಿಗೆ ಹಿಡಿಸಿದವು. ಅವನನ್ನು ಸರದಾರರ ಸಾಲಿಗೆ ಸೇರಿಸಿಕೊಂಡ. ಮುಂದೆ ನಲಗೊಂಡದ ಬಳಿ ದಂಗೆ ಎದ್ದಾಗ ಅದನ್ನು ಅಡಗಿಸುವ ಕೆಲಸ ಗವಾನನಿಗೆ ಬಂತು. ಆ ಕೆಲಸವನ್ನು ಅವನು ಮಾಡಿ ಮುಗಿಸಿದ. ಅಲಾವುದ್ದೀನನ ನಂತರ ಬಂದ ಹುಮಾಯೂನ್ ಶಾಹ ಅವನಿಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ಒಡೆಯ ಎಂಬ ಬಿರುದು ಕೊಟ್ಟು, ಬಿಜಾಪುರದ ಆಡಳಿತವನ್ನೂ ಒಪ್ಪಿಸಿದ.

1461ರಲ್ಲಿ ಹುಮಾಯೂನ್ ತೀರಿಕೊಂಡಾಗ ಗದ್ದುಗೆಗೆ ಬಂದ ನಿಜಾಮ್ ಶಾಹನಿಗೆ ಎಂಟು ವರ್ಷ. ರಾಜ್ಯವನ್ನು ನೋಡಿಕೊಳ್ಳಲು ಮೂವರ ಮಂಡಳಿ ರಚನೆಯಾಯಿತು: ರಾಜಮಾತೆ, ಖ್ವಾಜಾ ಜಹಾನ್ ಎಂಬ ತುರ್ಕಿ ಸರದಾರ ಮತ್ತು ಗವಾನ್. ಹುಡುಗ ರಾಜನಾಗಿದ್ದಾನೆಂದು ತಿಳಿದ ಮಾಳವದ ಸುಲ್ತಾನ ಮಹಮೂದ್ ಖಿಲ್ಜಿ ದಂಡೆತ್ತಿ ಬಂದ. ಬಹಮನಿ ಸೈನ್ಯ ಸೋತಿತು. ರಾಜಮಾತೆ ಮಗನನ್ನು ಕರೆದುಕೊಂಡು ಭೀಮಾ ನದಿಯ ದಂಡೆಯ ಫಿರೋಜಾಬಾದಿಗೆ ಬಂದು ನಿಂತಳು. ಕಲಬುರಗಿಯ ದಕ್ಷಿಣಕ್ಕಿರುವ ಆ ಊರಿನ ಹಾಳುಬಿದ್ದ ಗೋಡೆಗಳನ್ನು ನಮ್ಮ ಭಾಗದ ಹಲವರು ನೋಡಿರುತ್ತಾರೆ. ಒಂದು ರಾಜ್ಯದ ಉಳಿವು ಆ ಗೋಡೆಗಳೊಳಗೆ ತೂಗುತ್ತಿದ್ದ ಕಾಲ ಅದು ಎಂದು ಹೇಳಿದರೆ ಮಕ್ಕಳಿಗೆ ಪಾಠ ಹತ್ತಿರವಾಗುತ್ತದೆ.

ಆಗ ರಾಜ್ಯವನ್ನು ಉಳಿಸಿದ್ದು ಪತ್ರ. ಗುಜರಾತಿನ ಸುಲ್ತಾನ ಮಹಮೂದ್ ಬೇಗಡನಿಗೆ ನೆರವು ಕೇಳಿ ಓಲೆ ಹೋಯಿತು. ಮಾಳವ ಬಲಿತರೆ ಗುಜರಾತಿಗೂ ಕೇಡು ಎಂಬುದು ಬೇಗಡನಿಗೆ ಗೊತ್ತಿತ್ತು. ಅವನು ಸೈನ್ಯದೊಂದಿಗೆ ಗಡಿಗೆ ಬಂದ. ಒಂದು ಕಡೆಯಿಂದ ಗುಜರಾತಿನವರು, ಇನ್ನೊಂದು ಕಡೆಯಿಂದ ಗವಾನ್ ಒತ್ತಿದಾಗ ಮಾಳವದ ಸುಲ್ತಾನ ಹಿಂದಿರುಗಬೇಕಾಯಿತು.

ನಿಜಾಮ್ ಶಾಹ 1463ರಲ್ಲೇ ತೀರಿಕೊಂಡ. ಅವನ ತಮ್ಮ ಮೂರನೆಯ ಮಹಮ್ಮದ್ ಪಟ್ಟಕ್ಕೆ ಬಂದ. ಅವನೂ ಬಾಲಕನೇ. 1466ರಲ್ಲಿ ಖ್ವಾಜಾ ಜಹಾನ್ ಅರಮನೆಯಲ್ಲೇ ಕೊಲೆಯಾದ. ಜೊತೆಯಲ್ಲಿ ರಾಜ್ಯ ನಡೆಸಿದವನು ಹೀಗೆ ಸತ್ತದ್ದನ್ನು ಕಂಡೂ ಗವಾನ್ ಪ್ರಧಾನಮಂತ್ರಿಯ ಹೊಣೆ ಹೊತ್ತ. ಮುಂದಿನ ಹದಿನೈದು ವರ್ಷ ಬಹಮನಿ ರಾಜ್ಯವನ್ನು ನಡೆಸಿದವನು ಅವನೇ. ಆ ದಿನಗಳಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಪ್ರವಾಸದ ಬರಹದಲ್ಲಿ ಈ ಮಲಿಕ್-ಉತ್-ತುಜ್ಜಾರನ ಬಲವನ್ನು ಬೆರಗಿನಿಂದ ದಾಖಲಿಸಿದ್ದಾನೆ.

ಪತ್ರಗಳ ತೋಟ

ಗವಾನನನ್ನು ನಾವು ಯೋಧನೆಂದು, ಮಂತ್ರಿಯೆಂದು, ಮದರಸಾ ಕಟ್ಟಿಸಿದವನೆಂದು ಓದುತ್ತೇವೆ. ಅವನು ಪಾರಸಿಯ ದೊಡ್ಡ ಪತ್ರಲೇಖಕನೂ ಆಗಿದ್ದನೆಂಬುದು ಪಠ್ಯಪುಸ್ತಕದಲ್ಲಿ ಹೆಚ್ಚು ಬರುವುದಿಲ್ಲ. ಅಂದಿನ ಪಾರಸಿ ಜಗತ್ತಿನಲ್ಲಿ ಪತ್ರ ಬರೆಯುವುದು ಕಲಿತು ಪಳಗಬೇಕಾದ ವಿದ್ಯೆ. ಅದಕ್ಕೆ ಇನ್ಶಾ ಎಂದು ಹೆಸರು. ಅರಸನಿಗೆ ಹೇಗೆ ಬರೆಯಬೇಕು, ಸರಿಸಮಾನನಿಗೆ ಹೇಗೆ, ಕೆಳಗಿನವನಿಗೆ ಹೇಗೆ, ಯಾವ ಸಂದರ್ಭಕ್ಕೆ ಯಾವ ಉಪಮೆ ಎಂಬುದಕ್ಕೆಲ್ಲ ನಿಯಮಗಳಿದ್ದವು. ಗವಾನ್ ಈ ವಿದ್ಯೆಯ ಬಗ್ಗೆ ಮನಾಜಿರ್-ಉಲ್-ಇನ್ಶಾ ಎಂಬ ಶಾಸ್ತ್ರಗ್ರಂಥವನ್ನೇ ಬರೆದ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅದು ಪತ್ರಲೇಖನದ ಬೋಧನಾ ಕೈಪಿಡಿ.

ತಾನು ಬರೆದ ಪತ್ರಗಳನ್ನು ಅವನು ರಿಯಾಜ್-ಉಲ್-ಇನ್ಶಾ ಎಂಬ ಹೆಸರಿನಲ್ಲಿ ಒಂದುಗೂಡಿಸಿದ. ರಿಯಾಜ್ ಎಂದರೆ ತೋಟಗಳು. ನೂರನಲವತ್ತಕ್ಕೂ ಹೆಚ್ಚು ಪತ್ರಗಳ ತೋಟ ಅದು. ಆ ಪತ್ರಗಳು ಹೋದ ವಿಳಾಸಗಳನ್ನು ಭೂಪಟದಲ್ಲಿ ಗುರುತಿಸಿದರೆ ಬೀದರಿನ ಕಿಟಕಿ ಎಷ್ಟು ದೂರ ತೆರೆದಿತ್ತೆಂದು ಕಾಣುತ್ತದೆ. ತುರ್ಕಿಯ ಸುಲ್ತಾನನಿಗೆ, ಗಿಲಾನಿನ ಅರಸನಿಗೆ, ಗುಜರಾತ್, ಮಾಳವ, ಜೌನಪುರಗಳ ಸುಲ್ತಾನರಿಗೆ ಬರೆದ ರಾಜಕೀಯ ಪತ್ರಗಳಿವೆ. ಹೆರಾತಿನ ಮಹಾಕವಿ ಜಾಮಿಗೆ ಬರೆದ ಪತ್ರಗಳಿವೆ. ಜಾಮಿಯನ್ನು ದಖ್ಖನಿಗೆ ಬರುವಂತೆ ಗವಾನ್ ಕರೆದ. ಜಾಮಿ ಬರಲಿಲ್ಲ, ಆದರೆ ಸ್ನೇಹ ಉಳಿಯಿತು. ಮಕ್ಕಳಿಗೆ ಬುದ್ಧಿ ಹೇಳಿ ಬರೆದ ಪತ್ರಗಳೂ ಇವೆ. ದೂರದಲ್ಲಿರುವ ಮಗ ದಾರಿ ತಪ್ಪಬಾರದೆಂಬ ತಂದೆಯ ಕಳವಳ ಅಲಂಕಾರದ ಮಾತಿನ ನಡುವೆಯೂ ತಿಳಿಯುತ್ತದೆ.

ಕೊಂಕಣದ ದಂಡಯಾತ್ರೆಯ ಪತ್ರಗಳು ಬೇರೆ ರೀತಿಯವು. 1469ರಿಂದ 1472ರವರೆಗೆ ಗವಾನ್ ಸಹ್ಯಾದ್ರಿಯ ಕಾಡು, ಮಳೆ, ಕೋಟೆಗಳ ನಡುವೆ ಯುದ್ಧ ಮಾಡಿದ. ಸಂಗಮೇಶ್ವರ, ಇಂದು ವಿಶಾಲಗಡ ಎನ್ನುವ ಖೇಳಣಾ ಕೋಟೆ, ಕೊನೆಗೆ 1472ರ ಫೆಬ್ರುವರಿಯಲ್ಲಿ ವಿಜಯನಗರದ ವಶದಲ್ಲಿದ್ದ ಗೋವಾ ಬಂದರು ಅವನ ಕೈಸೇರಿದವು. ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರು ಅದು. ಕುದುರೆ ಇಲ್ಲದೆ ಸೈನ್ಯವಿಲ್ಲ ಎಂಬ ಕಾಲದಲ್ಲಿ ಅದರ ಬೆಲೆ ಏನೆಂದು ಹಳೆಯ ವ್ಯಾಪಾರಿ ಗವಾನನಿಗೆ ಹೇಳಿಕೊಡಬೇಕಾಗಿರಲಿಲ್ಲ. ಈ ಯುದ್ಧಗಳಲ್ಲಿ ಎರಡೂ ಕಡೆ ಬಹಳ ಜನ ಸತ್ತರು. ಅದನ್ನು ಮರೆಮಾಡಿ ಅವನನ್ನು ಸಂತನನ್ನಾಗಿ ಮಾಡುವುದು ಸರಿಯಲ್ಲ. ರಣರಂಗದಿಂದ ಬರೆದ ಪತ್ರಗಳಲ್ಲಿ ಎದುರಿನ ಶತ್ರುವಿನ ಮಾತಿನ ಜೊತೆಗೆ ಬೆನ್ನ ಹಿಂದೆ ಬೀದರಿನ ದರಬಾರಿನಲ್ಲಿ ತನ್ನ ವಿರುದ್ಧ ನಡೆಯುತ್ತಿದ್ದ ಪಿತೂರಿಯ ನೋವೂ ಇದೆ. ಕೊನೆಯ ದಿನದ ನೆರಳು ಹತ್ತು ವರ್ಷ ಮೊದಲೇ ಆ ಪತ್ರಗಳಲ್ಲಿ ಬಿದ್ದಿದೆ.

ರಾಜಕೀಯ ಪತ್ರಗಳನ್ನು ಕೂಡಿಡುವ ಈ ಅಭ್ಯಾಸಕ್ಕೆ ಬೇರೆ ದೇಶದಿಂದಲೂ ಒಂದು ಉದಾಹರಣೆ ಕೊಡಬಹುದು. ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್‌ಸನ್ ತನ್ನ ಜೀವಮಾನದಲ್ಲಿ ಸುಮಾರು 19,000 ಪತ್ರ ಬರೆದ. 1804ರಿಂದ ಅವನು ಪಾಲಿಗ್ರಾಫ್ ಎಂಬ ಯಂತ್ರ ಬಳಸಿದ. ಒಂದು ಲೇಖನಿಯನ್ನು ಕೈಯಲ್ಲಿ ಹಿಡಿದು ಬರೆದರೆ, ಸರಳುಗಳಿಂದ ಅದಕ್ಕೆ ಜೋಡಿಸಿದ ಇನ್ನೊಂದು ಲೇಖನಿ ಪಕ್ಕದ ಹಾಳೆಯ ಮೇಲೆ ಅದೇ ಅಕ್ಷರಗಳನ್ನು ಬರೆಯುತ್ತಿತ್ತು. ರೇಖಾಗಣಿತದ ತರಗತಿಯಲ್ಲಿ ಪ್ಯಾಂಟೋಗ್ರಾಫ್ ತೋರಿಸಿದವರಿಗೆ ಇದರ ತತ್ತ್ವ ಹೊಳೆಯುತ್ತದೆ. ಹೀಗೆ ಉಳಿದ ಪ್ರತಿಗಳ ಜೊತೆಗೆ ಅವನಿಗೆ ಬಂದ ಪತ್ರಗಳೂ ಸೇರಿ, ಅವುಗಳ ಬಹುಭಾಗ ಇಂದು ವಾಷಿಂಗ್ಟನ್ ನಗರದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಜಾರ್ಜ್ ವಾಷಿಂಗ್ಟನ್ನನ ಕಾಗದಪತ್ರಗಳ ದೊಡ್ಡ ಸಂಗ್ರಹವೂ ಅಲ್ಲಿದೆ. ಹೋದ ಪತ್ರದ ಪ್ರತಿ, ಬಂದ ಪತ್ರದ ಮೂಲ ಎರಡೂ ಇದ್ದರೆ ಒಂದನ್ನು ಇನ್ನೊಂದರೊಡನೆ ಒರೆಗೆ ಹಚ್ಚಬಹುದು. ಗವಾನನಿಗೆ ಯಂತ್ರ ಇರಲಿಲ್ಲ. ಅವನ ಪತ್ರಗಳು ಉಳಿದದ್ದು ಕೈಬರಹದ ನಕಲುಗಳಿಂದ. ಚೆಲುವಾದ ಪಾರಸಿಗೆ ಮಾದರಿಯೆಂದು ಮುಂದಿನ ತಲೆಮಾರಿನವರು ಅವನ್ನು ಮತ್ತೆ ಮತ್ತೆ ನಕಲು ಮಾಡಿಕೊಂಡರು. 1948ರಲ್ಲಿ ಶೇಖ್ ಚಾಂದ್ ಬಿನ್ ಹುಸೇನ್ ಅವರು ಸಂಪಾದಿಸಿದ ರಿಯಾಜ್-ಉಲ್-ಇನ್ಶಾ ಹೈದರಾಬಾದಿನಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು, 1942ರಲ್ಲಿ, ಇತಿಹಾಸಕಾರ ಹಾರೂನ್ ಖಾನ್ ಶೇರ್ವಾನಿ ಅವರು ಈ ಪತ್ರಗಳನ್ನು ಬಳಸಿಕೊಂಡು ಗವಾನನ ಜೀವನಚರಿತ್ರೆ ಬರೆದಿದ್ದರು.

ತಿದ್ದುಪಡಿಗಳು, ಹಗೆಗಳು

ಬಹಮನಿ ದರಬಾರಿನಲ್ಲಿ ಎರಡು ಗುಂಪುಗಳಿದ್ದವು. ಮೊದಲಿನಿಂದ ಇಲ್ಲಿ ನೆಲೆಸಿದ್ದವರು ದಖ್ಖನಿಗಳು. ಸಮುದ್ರ ದಾಟಿ ಇರಾನ್, ತುರ್ಕಿ, ಅರಬ್ ದೇಶಗಳಿಂದ ಹೊಸದಾಗಿ ಬಂದವರು ಆಫಾಕಿಗಳು ಅಥವಾ ಪರದೇಶಿಗಳು. ಅಬಿಸೀನಿಯಾದ ಹಬಶಿಗಳು ಹೆಚ್ಚಾಗಿ ದಖ್ಖನಿಗಳ ಕಡೆ ಇರುತ್ತಿದ್ದರು. ಹುದ್ದೆ, ಜಹಗೀರುಗಳಿಗಾಗಿ ಈ ಗುಂಪುಗಳ ನಡುವೆ ರಕ್ತ ಹರಿದದ್ದೂ ಉಂಟು. ಗವಾನ್ ಹೊರಗಿನಿಂದ ಬಂದವನು. ಆದರೂ ಹುದ್ದೆ ಹಂಚುವಾಗ ಎರಡೂ ಗುಂಪುಗಳನ್ನು ತೂಗಿಸಿಕೊಂಡು ಹೋಗಲು ಯತ್ನಿಸಿದ. ಮುಂದೆ ಅವನ ಸಾವಿಗೆ ಕಾರಣನಾದವನೆಂದು ಹೇಳಲಾಗುವ ನಿಜಾಮ್-ಉಲ್-ಮುಲ್ಕ್ ಮಲಿಕ್ ಹಸನ್ ಬಹ್ರಿ ಕೂಡ ಅವನ ಕಾಲದಲ್ಲಿ ದೊಡ್ಡ ಅಧಿಕಾರ ಪಡೆದ ದಖ್ಖನಿ ಸರದಾರ.

ರಾಜ್ಯ ಬೆಳೆದಂತೆ ಹಳೆಯ ನಾಲ್ಕು ಪ್ರಾಂತಗಳು ತೀರಾ ದೊಡ್ಡವಾಗಿದ್ದವು. ಪ್ರಾಂತಕ್ಕೆ ತರಫ್ ಎಂದೂ ಅದರ ಅಧಿಕಾರಿಗೆ ತರಫ್‌ದಾರ ಎಂದೂ ಹೆಸರು. ಒಬ್ಬೊಬ್ಬ ತರಫ್‌ದಾರನೂ ಒಬ್ಬೊಬ್ಬ ಅರಸನಂತೆ ಇದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ಕಲಬುರಗಿ ಪ್ರಾಂತ ಕಲಬುರಗಿ, ಬಿಜಾಪುರ ಎಂದು ಒಡೆಯಿತು. ದೌಲತಾಬಾದಿನಿಂದ ಜುನ್ನರ ಬೇರೆಯಾಯಿತು. ಬೇರಾರ ಗಾವಿಲಗಡ, ಮಾಹೂರ ಎಂದಾಯಿತು. ತೆಲಂಗಾಣ ವಾರಂಗಲ್ಲು, ರಾಜಮಹೇಂದ್ರಿ ಎಂದಾಯಿತು. ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ, ಉಳಿದ ಕೋಟೆಗಳಿಗೆ ಸುಲ್ತಾನನೇ ಕಿಲ್ಲೇದಾರರನ್ನು ನೇಮಿಸುವುದು ಎಂದಾಯಿತು. ಪ್ರತಿ ಪ್ರಾಂತದಲ್ಲೂ ಕೆಲವು ಭೂಮಿ ನೇರವಾಗಿ ಸುಲ್ತಾನನ ಖಜಾನೆಗೆ ಸೇರಿತು. ಹೊಲಗಳನ್ನು ಅಳೆಯಿಸಿ ಕಂದಾಯ ಗೊತ್ತುಮಾಡುವ ಕೆಲಸ ಆರಂಭವಾಯಿತು. ಸರದಾರ ಎಷ್ಟು ಸೈನಿಕರಿಗೆ ಸಂಬಳ ಪಡೆಯುತ್ತಾನೋ ಅಷ್ಟು ಸೈನಿಕರನ್ನು ಲೆಕ್ಕ ತೋರಿಸಬೇಕಾಯಿತು.

ಲೆಕ್ಕ ಕೇಳುವವನಿಗೆ ಗೆಳೆಯರು ಕಡಿಮೆ. ಅಧಿಕಾರ ಕಡಿತವಾದದ್ದು ಎರಡೂ ಗುಂಪಿನ ಸರದಾರರಿಗೆ. ಅವನನ್ನು ಬೆಂಬಲಿಸುತ್ತಿದ್ದ ರಾಜಮಾತೆಯೂ ಬೆಳಗಾವಿ ದಂಡಯಾತ್ರೆಯ ಹೊತ್ತಿಗೆ ತೀರಿಕೊಂಡಳು. ಬೆಳೆದ ಸುಲ್ತಾನ ಮಹಮ್ಮದ್ ಕುಡಿತಕ್ಕೆ ಬಿದ್ದ. ಅವನ ಮತ್ತು ಗವಾನನ ನಡುವೆ ನಿಂತು ಮಾತು ತಿಳಿಹೇಳುವವರು ಇಲ್ಲವಾದರು.

ಬೀದರಿನ ಮದರಸಾ

ಶಿಕ್ಷಕರಾಗಲು ಹೊರಟ ನಾವು ಸ್ವಲ್ಪ ನಿಲ್ಲಬೇಕಾದ ಜಾಗ ಇದು. 1472ರಲ್ಲಿ ಗವಾನ್ ಬೀದರಿನಲ್ಲಿ ಒಂದು ಮದರಸಾ ಕಟ್ಟಿಸಿ ಮುಗಿಸಿದ. ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಮೂರು ಅಂತಸ್ತಿನ ಕಟ್ಟಡ. ನಡುವೆ ದೊಡ್ಡ ಅಂಗಳ. ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಅಧ್ಯಾಪಕರ ನಿವಾಸಗಳು, ಉಪನ್ಯಾಸ ಮಂದಿರ, ಗ್ರಂಥಾಲಯ, ಮಸೀದಿ. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಅಚ್ಚಿನ ಯಂತ್ರ ಇಲ್ಲದ ನಾಡಿನಲ್ಲಿ ಒಂದೊಂದು ಪುಸ್ತಕವೂ ಒಬ್ಬ ಲಿಪಿಕಾರನ ತಿಂಗಳುಗಟ್ಟಲೆ ದುಡಿಮೆ ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ.

ಔರಂಗಜೇಬನ ಕಾಲದಲ್ಲಿ ನಡೆದ ಸಿಡಿಮದ್ದಿನ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಹಾರಿಹೋಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಅದರ ಮೇಲೆ ನೀಲಿ, ಹಸಿರು, ಬಿಳಿ ಹೆಂಚುಗಳ ತುಣುಕುಗಳು ಇನ್ನೂ ಹೊಳೆಯುತ್ತವೆ. ಇರಾನಿನ ಮಾದರಿಯ ಈ ಕಟ್ಟಡಕ್ಕೆ ಸರಿಗಟ್ಟುವುದು ದಖ್ಖನಿನಲ್ಲಿ ಇನ್ನೊಂದಿಲ್ಲ. ಜಾಮಿಯಂಥವರನ್ನು ಪತ್ರ ಬರೆದು ಕರೆದವನು ಅವರು ಬಂದರೆ ಕುಳಿತು ಪಾಠ ಹೇಳಲು ಜಾಗವನ್ನೂ ಕಟ್ಟಿಸಿದ್ದ.

ಇಷ್ಟೆಲ್ಲ ಅಧಿಕಾರವಿದ್ದ ಮನುಷ್ಯ ತನ್ನ ಊಟ ಉಡುಗೆಗೆ ವ್ಯಾಪಾರದ ಗಳಿಕೆಯನ್ನೇ ಬಳಸುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದ ಎಂದು ಚರಿತ್ರಕಾರ ಫರಿಶ್ತಾ ಬರೆದಿದ್ದಾನೆ.

ಕೊಂಡಪಲ್ಲಿಯ ಬೀಡು

1481ರಲ್ಲಿ ಸುಲ್ತಾನನ ಸೈನ್ಯ ಆಂಧ್ರದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ಮುಂದಿನದನ್ನು ಫರಿಶ್ತಾ ಹೀಗೆ ಹೇಳುತ್ತಾನೆ. ಗವಾನನ ಮುದ್ರೆಯನ್ನು ಕಾಯುತ್ತಿದ್ದವನು ಒಬ್ಬ ಹಬಶಿ ಸೇವಕ. ವೈರಿಗಳು ಅವನಿಗೆ ಉಡುಗೊರೆ ಕೊಟ್ಟು ಗೆಳೆತನ ಬೆಳೆಸಿದರು. ಒಂದು ದಿನ ಚೆನ್ನಾಗಿ ಕುಡಿಸಿ, ಮಡಿಸಿದ ಕಾಗದವೊಂದನ್ನು ಮುಂದೆ ಹಿಡಿದು, ಇದು ಗೆಳೆಯನೊಬ್ಬನ ಲೆಕ್ಕದ ಕಾಗದ, ಉಳಿದ ಕಚೇರಿಗಳ ಮುದ್ರೆ ಆಗಿದೆ, ನಿಮ್ಮದೊಂದು ಬಾಕಿ ಎಂದರು. ಅವನು ಬಿಚ್ಚಿ ನೋಡದೆ ಮುದ್ರೆ ಒತ್ತಿದ. ಕಾಗದ ಖಾಲಿಯಾಗಿತ್ತು. ನಂತರ ಅದರ ಮೇಲೆ ಗವಾನನ ಹೆಸರಿನಲ್ಲಿ ಒಡಿಶಾದ ಗಜಪತಿ ಅರಸನಿಗೆ ಪತ್ರ ಬರೆದರು. ಸುಲ್ತಾನನ ಕುಡಿತ, ಕ್ರೌರ್ಯಗಳಿಂದ ಬೇಸತ್ತಿದ್ದೇವೆ, ದಂಡೆತ್ತಿ ಬಂದರೆ ರಾಜ್ಯವನ್ನು ಹಂಚಿಕೊಳ್ಳೋಣ ಎಂಬುದು ಅದರ ಸಾರ.

ಪತ್ರವನ್ನು ಸುಲ್ತಾನನ ಕೈಗೆ ಮುಟ್ಟಿಸಿದರು. ಗವಾನನಿಗೆ ಕರೆ ಬಂತು. ಅಪಾಯದ ವಾಸನೆ ಹಿಡಿದ ಗೆಳೆಯರು ಹೋಗಬೇಡ, ಗುಜರಾತಿಗೆ ಹೊರಟುಬಿಡು, ಕುದುರೆ ಸವಾರರು ಸಿದ್ಧ ಇದ್ದಾರೆ ಎಂದರು. ತಪ್ಪು ಮಾಡದವನು ಓಡುವುದೇಕೆ ಎಂಬ ನಿಲುವಿನಿಂದ ಅವನು ದರಬಾರಿಗೆ ಹೋದ. ರಾಜದ್ರೋಹಕ್ಕೆ ಏನು ಶಿಕ್ಷೆ ಎಂದು ಸುಲ್ತಾನ ಕೇಳಿದ. ಮರಣ ಎಂದು ಗವಾನ್ ಹೇಳಿದ. ಆಗ ಸುಲ್ತಾನ ಪತ್ರ ತೋರಿಸಿದ. ಮುದ್ರೆ ತನ್ನದೇ ಎಂದು ಗವಾನ್ ಒಪ್ಪಿಕೊಂಡ, ಪತ್ರ ತನ್ನದಲ್ಲ ಎಂದ. ಅಮಲಿನಲ್ಲಿದ್ದ ಸುಲ್ತಾನ ಮುಂದೆ ಕೇಳಲಿಲ್ಲ. ಜೌಹರ್ ಎಂಬ ಸೇವಕನಿಗೆ ಕೊಲ್ಲಲು ಹೇಳಿ ಒಳಗೆ ಹೋದ. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನ ಮಂತ್ರಿ ಕತ್ತಿಗೆ ಬಲಿಯಾದ.

ಅವನ ಸಂಪತ್ತನ್ನು ವಶಪಡಿಸಿಕೊಳ್ಳಲು ಹೋದ ಸುಲ್ತಾನನಿಗೆ ಖಜಾನೆಯಲ್ಲಿ ಸಿಕ್ಕಿದ್ದು ಅತ್ಯಲ್ಪ. ಆಗ ಅವನಿಗೆ ಪಶ್ಚಾತ್ತಾಪವಾಯಿತು, ಆದರೆ ಕಾಲ ಮೀರಿತ್ತು. ಗವಾನನ ದೇಹವನ್ನು ಬೀದರಿಗೆ ತಂದು ಊರ ಹೊರಗೆ ಸಮಾಧಿ ಮಾಡಿದರು. ವರ್ಷ ತುಂಬುವ ಮೊದಲೇ, 1482ರ ಮಾರ್ಚಿನಲ್ಲಿ, ಸುಲ್ತಾನನೂ ಸತ್ತ. ಪ್ರಾಂತಾಧಿಕಾರಿಗಳು ಬೀದರಿನ ಮಾತು ಕೇಳುವುದನ್ನು ಬಿಟ್ಟರು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ, ಗೋಲ್ಕೊಂಡ, ಬೀದರ್ ಎಂದು ಐದು ಹೋಳಾಯಿತು.

ಆ ಪತ್ರ ಎಲ್ಲಿದೆ?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಆ ಪತ್ರ ನಮ್ಮ ಕೈಗೆ ಬಂದಿರುವುದು ಚರಿತ್ರಕಾರರ ಮಾತಿನ ಮೂಲಕ ಮಾತ್ರ. ಫರಿಶ್ತಾ ತನ್ನ ಗ್ರಂಥ ಬರೆದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ, ಘಟನೆ ನಡೆದು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅವನಿಗೆ ಆಶ್ರಯ ಕೊಟ್ಟದ್ದು ಬಿಜಾಪುರದ ಆದಿಲ್‌ಶಾಹಿ ದರಬಾರು. ಆ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಗವಾನನ ನೆರಳಿನಲ್ಲಿ ಬೆಳೆದವನು. ಫರಿಶ್ತಾ ತಾನೂ ಇರಾನಿನಿಂದ ಬಂದವನು. ಇನ್ನೊಂದು ಚರಿತ್ರೆ, ತಬಾತಬಾಯಿಯ ಬುರ್ಹಾನ್-ಎ-ಮಆಸಿರ್, ಹುಟ್ಟಿದ್ದು ಅಹಮದ್‌ನಗರದ ನಿಜಾಮ್‌ಶಾಹಿ ದರಬಾರಿನಲ್ಲಿ. ಆ ಮನೆತನದ ಮೂಲಪುರುಷ ಮಲಿಕ್ ಅಹ್ಮದ್. ಅವನು ಗವಾನನ ವೈರಿಯೆಂದು ಹೇಳಲಾದ ಮಲಿಕ್ ಹಸನನ ಮಗ. ಒಂದೇ ಸಾವಿನ ಕಥೆ ಎರಡು ಮನೆತನಗಳ ಆಸ್ಥಾನದಿಂದ ಬಂದಿದೆ. ಯಾರು ಹೇಳುತ್ತಿದ್ದಾರೆ, ಯಾರ ಅನ್ನ ಉಂಡು ಹೇಳುತ್ತಿದ್ದಾರೆ ಎಂಬುದನ್ನು ಮರೆತು ಈ ಪುಸ್ತಕಗಳನ್ನು ಓದಬಾರದು.

ಹಾಗಾದರೆ ಗವಾನ್ ನಿರ್ದೋಷಿ ಎಂದು ಇತಿಹಾಸಕಾರರು ಏಕೆ ಒಪ್ಪುತ್ತಾರೆ? ಒಂದೇ ಸಾಕ್ಷಿಯಿಂದಲ್ಲ, ಹಲವು ಸಾಕ್ಷಿಗಳು ಒಂದೇ ಕಡೆ ತೋರಿಸುವುದರಿಂದ. ಮೂವತ್ತು ವರ್ಷಗಳ ಸಮೀಪ ಅವನು ಬಹಮನಿ ಮನೆತನಕ್ಕೆ ದುಡಿದ. ಹುಡುಗ ಸುಲ್ತಾನರಿದ್ದಾಗ ರಾಜ್ಯ ಕಸಿದುಕೊಳ್ಳುವುದು ಸುಲಭವಿತ್ತು. ಆಗ ಕಸಿದುಕೊಳ್ಳಲಿಲ್ಲ. ಓಡಿಹೋಗುವ ಅವಕಾಶವಿದ್ದೂ ಓಡಲಿಲ್ಲ. ಸತ್ತ ಮೇಲೆ ಅವನ ಮನೆಯಲ್ಲಿ ಕೂಡಿಟ್ಟ ಹಣ ಸಿಗಲಿಲ್ಲ. ಇದೆಲ್ಲದರ ಜೊತೆಗೆ ಅವನ ನಿಜವಾದ ಪತ್ರಗಳಿವೆ. ಅವುಗಳಲ್ಲಿ ಕಾಣುವ ಮನುಷ್ಯ ಒಂದೊಂದು ಮಾತನ್ನೂ ತೂಗಿ ಬರೆಯುವವನು.

ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ, ಸಂಶಯದ ಮಾದರಿಯನ್ನು ಪರೀಕ್ಷಿಸಲು ಗೊತ್ತಿರುವ ಮಾದರಿ ಬೇಕು. ಸುಲ್ತಾನನ ಬಳಿ ಅಂಥ ಮಾದರಿ ಬೇಕಾದಷ್ಟು ಇತ್ತು. ಮಂತ್ರಿಯ ಸಾವಿರ ಕಾಗದಗಳನ್ನು ಕಂಡ ದರಬಾರು ಅದು. ಈ ಪತ್ರವನ್ನು ಬರೆದ ಕೈ ಯಾರದು, ಒಯ್ದ ಓಲೆಕಾರ ಯಾರು, ನಿಮಗೆ ಹೇಗೆ ಸಿಕ್ಕಿತು ಎಂಬ ಮೂರು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಮುದ್ರೆ ಯಾರದೆಂದು ಮಾತ್ರ ನೋಡಿದ. ಮುದ್ರೆ ಹೇಳುವುದು ಅದರ ಒಡೆಯ ಯಾರೆಂದು, ಪತ್ರ ಬರೆದವನು ಯಾರೆಂದಲ್ಲ.

ಇಲ್ಲಿ ನಾವೂ ಒಂದು ಎಚ್ಚರಿಕೆ ವಹಿಸಬೇಕು. ರಿಯಾಜ್-ಉಲ್-ಇನ್ಶಾದ ಪತ್ರಗಳನ್ನು ಆರಿಸಿದವನು ಗವಾನನೇ. ತನ್ನ ಪತ್ರಗಳನ್ನು ತಾನೇ ಆರಿಸುವವನು ತನಗೆ ಕೀರ್ತಿ ತರುವವನ್ನು ಉಳಿಸಿಕೊಳ್ಳುವುದು ಸಹಜ. ಆದ್ದರಿಂದ ಅವನ್ನೂ ಕಣ್ಣುಮುಚ್ಚಿ ನಂಬಬಾರದು. ಚರಿತ್ರೆಗಳು, ಶಾಸನಗಳು, ನಾಣ್ಯಗಳು, ನಿಕಿತಿನನಂಥ ಪ್ರವಾಸಿಯ ಮಾತು ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಮಕ್ಕಳು ಆಧಾರ ಎಂಬ ಪದವನ್ನು ಕಂಠಪಾಠ ಮಾಡುವುದಕ್ಕಿಂತ ಈ ಹೋಲಿಕೆಯನ್ನು ಒಮ್ಮೆ ಮಾಡಿ ನೋಡುವುದು ಮೇಲು.

ಮತ್ತೆ ಅದೇ ತರಗತಿಗೆ

ನಾಳೆ ಎಂದವನು ಮತ್ತೆ ಆ ತರಗತಿಗೆ ಹೋದದ್ದು ಎಂಟು ದಿನಗಳ ಮೇಲೆ. ಮೊದಲು ಮಕ್ಕಳಿಗೆ, ನನಗೆ ಅಂದು ಉತ್ತರ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಆಮೇಲೆ ತರಗತಿಯನ್ನು ಐದು ಗುಂಪು ಮಾಡಿದೆ. ಸುಲ್ತಾನ, ಗವಾನ್, ಮುದ್ರೆ ಕಾಯುವವನು, ಪತ್ರ ತಂದವರು, ನೂರು ವರ್ಷದ ನಂತರದ ಚರಿತ್ರಕಾರ. ಪ್ರತಿ ಗುಂಪಿಗೂ ಉಳಿದವರು ಎರಡೆರಡು ಪ್ರಶ್ನೆ ಕೇಳಬೇಕು. ಅತಿ ಹೆಚ್ಚು ಪ್ರಶ್ನೆ ಎದುರಿಸಿದ್ದು ಮುದ್ರೆ ಕಾಯುವವನ ಗುಂಪು. ಓದದೆ ಏಕೆ ಒತ್ತಿದೆ ಎಂಬುದನ್ನೇ ಎಲ್ಲರೂ ಸುತ್ತಿ ಬಳಸಿ ಕೇಳಿದರು.

ಮುದ್ರೆ, ಸಹಿ, ಹೆಬ್ಬೆಟ್ಟು ನಿಮ್ಮ ಮನೆಯ ಯಾವ ಕಾಗದಗಳಲ್ಲಿವೆ ಎಂದು ನಾನು ಕೇಳಿದೆ. ಪಹಣಿ, ಪಡಿತರ ಚೀಟಿ, ಬ್ಯಾಂಕ್ ಪುಸ್ತಕ, ಶಾಲೆಯ ದಾಖಲಾತಿ ಎಂದು ಪಟ್ಟಿ ಬೆಳೆಯಿತು. ಆಗ ನನ್ನ ಮನೆಯ ಮಾತೊಂದನ್ನು ಹೇಳಿದೆ. ನಮ್ಮ ಅಜ್ಜ ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿದವರು, ಓದು ಬರಹ ಬಾರದವರು. ಕೈಗಡ ತಂದಾಗ ಖಾಲಿ ಬಾಂಡ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಆಮೇಲೆ ಅದರ ಮೇಲೆ ಬಂ‌ದ ಮೊತ್ತ ಅವರು ತಂದದ್ದಕ್ಕಿಂತ ಬಹಳ ದೊಡ್ಡದು. ಅದನ್ನು ತೀರಿಸುವಷ್ಟರಲ್ಲಿ ಅಪ್ಪನ ಶಾಲೆ ನಿಂತಿತು. ಹೆಬ್ಬೆಟ್ಟು ಅಜ್ಜನದೇ, ಬರಹ ಅಜ್ಜನದಲ್ಲ. ತರಗತಿ ಕ್ಷಣಹೊತ್ತು ಸುಮ್ಮನಾಯಿತು. ಕೊಂಡಪಲ್ಲಿಯ ಬೀಡು ಅವರ ಓಣಿಗೆ ಬಂದಿತ್ತು.

ಇದನ್ನು ಬೋಧಿಸುವ ಸಹಪಾಠಿಗಳಿಗೆ ಮೂರು ಸಲಹೆ. ಒಂದು, ಕಥೆಯನ್ನು ಕೊಲೆಯಿಂದ ಆರಂಭಿಸಬೇಡಿ. ಪತ್ರ ಬರೆಯುವ ಮಂತ್ರಿಯನ್ನು ಮೊದಲು ಪರಿಚಯಿಸಿದರೆ ಸುಳ್ಳು ಪತ್ರದ ಅನ್ಯಾಯ ತಾನಾಗಿ ತಿಳಿಯುತ್ತದೆ. ಎರಡು, ದಖ್ಖನಿ ಮತ್ತು ಪರದೇಶಿ ಗುಂಪುಗಳನ್ನು ಒಳ್ಳೆಯವರು ಕೆಟ್ಟವರು ಎಂದು ಹಂಚಬೇಡಿ. ಅದು ಅಧಿಕಾರದ ಜಗಳ. ಮೂರು, ಮಕ್ಕಳ ಮನೆಯ ಹಳೆಯ ಪತ್ರ, ರಸೀದಿ, ದಾಖಲೆಗಳ ಬಗ್ಗೆ ಮಾತನಾಡಿಸಿ. ನಮ್ಮ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ಸೀಮೆಯ ಹಳೆಯ ಸರಕಾರಿ ಕಾಗದಗಳನ್ನು ಹುಡುಕುವವರು ಇಂದಿಗೂ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. ದಖ್ಖನಿನ ಮೊಘಲ್ ಕಾಲದ ಪಾರಸಿ ಕಾಗದಗಳೇ ಅಲ್ಲಿ ಲಕ್ಷಕ್ಕೂ ಹೆಚ್ಚು ಇವೆ. ಪಾರಸಿ, ಉರ್ದು ಓದಬಲ್ಲ ನಮ್ಮ ಊರಿನ ಮಗುವೊಂದು ಮುಂದೆ ಅವನ್ನು ತೆರೆದು ನೋಡಲಿ ಎಂಬ ಆಸೆಯನ್ನು ತರಗತಿಯಲ್ಲೇ ಬಿತ್ತಬಹುದು.

ಅವಧಿ ಮುಗಿದ ಮೇಲೆ ಮೂರನೆಯ ಬೆಂಚಿನ ಆ ಹುಡುಗಿ ತನ್ನ ಪ್ರಗತಿ ಪತ್ರ ಹಿಡಿದುಕೊಂಡು ಬಂದಳು. ತರಗತಿ ಶಿಕ್ಷಕರು ಇಲ್ಲದ್ದರಿಂದ ಅದಕ್ಕೆ ನನ್ನ ಸಹಿ ಬೇಕಿತ್ತು. ನಾನು ಪೆನ್ನು ತೆಗೆದಾಗ, ಮೊದಲು ಓದಿ ಎಂದು ನಗುತ್ತಾ ನೆನಪಿಸಿದಳು. ಓದಿದೆ. ಗಣಿತದ ಅಂಕ ಕೂಡಿಸುವಲ್ಲಿ ಎರಡು ತಪ್ಪಿತ್ತು.